ಬರ್ಕನ ಸಂಪ್ರದಾಯಶೀಲತೆ



'ಸಂಪ್ರದಾಯವಾದಿ' ಎಂಬ ಪದವನ್ನು ನಾವು ಬಹುಮಟ್ಟಿಗೆ ಬೈಗುಳವಾಗಿಯೇ ಬಳಸುತ್ತೇವೆ. ಬದಲಾವಣೆಗೆ ಬೆಚ್ಚುವವನು ಎಂದೇ ಅದರ ಅರ್ಥ. ಆದರೆ ಈ ಚಿಂತನೆಯ ಮೂಲಪುರುಷನೆನಿಸಿದ ಎಡ್ಮಂಡ್ ಬರ್ಕ್ ಅಂಥವನಾಗಿರಲಿಲ್ಲ. 1775ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಅಮೆರಿಕದ ವಸಾಹತುಗಳೊಡನೆ ಸಂಧಾನವಾಗಲೆಂದು ವಾದಿಸಿದ. 1788ರಿಂದ 1795ರವರೆಗೆ ವಾರನ್ ಹೇಸ್ಟಿಂಗ್ಸನ ಮೇಲೆ ನಡೆದ ಮಹಾಭಿಯೋಗಕ್ಕೆ ಅವನೇ ಮುಂದಾಳು. ಹೇಸ್ಟಿಂಗ್ಸ್ ಖುಲಾಸೆಯಾದ, ಆ ಮಾತು ಬೇರೆ. ಕನ್ನಡಿಗರಿಗೆ ಹತ್ತಿರದ ಸಂಗತಿಯೊಂದಿದೆ. 1785ರಲ್ಲಿ ಆರ್ಕಾಟ್ ನವಾಬನ ಸಾಲಗಳ ಬಗ್ಗೆ ಮಾತನಾಡುತ್ತ, ಮೈಸೂರಿನ ಹೈದರಾಲಿಯ 1780ರ ದಂಡಯಾತ್ರೆಯ ಭೀಕರತೆಯನ್ನು ಬರ್ಕ್ ವರ್ಣಿಸಿದ. ಹೈದರನನ್ನು ಕೆರಳಿಸಿದ್ದು ಮದರಾಸಿನ ಕಂಪನಿಯವರ ದುರಾಸೆ ಮತ್ತು ವಚನಭಂಗವೆಂದು ತನ್ನವರನ್ನೇ ದೂಷಿಸಿದ.

ಇಂಥವನು 1790ರಲ್ಲಿ ಫ್ರಾನ್ಸಿನ ಕ್ರಾಂತಿಯನ್ನು ಖಂಡಿಸಿದ್ದೇಕೆ? ಎರಡೂ ಕಡೆ ಅವನ ಕೋಪ ಒಂದೇ. ಬಹುಕಾಲದಿಂದ ನೆಲೆನಿಂತ ಸಮಾಜವನ್ನು, ಅದನ್ನು ಅರಿಯದವರು, ಲಾಭಕ್ಕಾಗಿಯೋ ತರ್ಕದ ಹುರುಪಿನಿಂದಲೋ ಕೆಡವಬಾರದು. 'ಪೂರ್ವಗ್ರಹ'ವನ್ನು ಕೂಡ ಅವನು ಸಮರ್ಥಿಸಿದ. ಒಬ್ಬನ ಬುದ್ಧಿ ಅಲ್ಪ. ತಲೆಮಾರುಗಳ ವಿವೇಕ ರೂಢಿಯಾಗಿ ಉಳಿದಿರುತ್ತದೆ ಎಂಬುದು ಅವನ ನಂಬಿಕೆ. ದುರಸ್ತಿಗೆ ಅವನ ಅಡ್ಡಿಯಿರಲಿಲ್ಲ. ಅಡಿಪಾಯ ಕೀಳುವುದಕ್ಕೆ ಇತ್ತು.

ಮೂವತ್ತು ವರ್ಷ ಕಡತಗಳ ನಡುವೆ ಕಳೆದ ನನಗೆ ಇದು ಬರಿಯ ಪುಸ್ತಕದ ಮಾತಲ್ಲ. ಕಚೇರಿಯೊಂದರಲ್ಲಿ ಹಳೆಯ ರಿಜಿಸ್ಟರೊಂದನ್ನು 'ಅನಗತ್ಯ'ವೆಂದು ನಿಲ್ಲಿಸುವ ಆದೇಶಕ್ಕೆ ನಾನೇ ಸಹಿ ಹಾಕಿದೆ. ಎರಡು ವರ್ಷಗಳ ಬಳಿಕ ದಿನಗೂಲಿ ನೌಕರರು ಸೇವಾವಧಿಯ ಪುರಾವೆ ಕೇಳಿಕೊಂಡು ಬಂದರು. ಅವರ ಹಾಜರಿ ಆ ರಿಜಿಸ್ಟರಿನ ಹೊರತು ಬೇರೆಲ್ಲೂ ದಾಖಲಾಗುತ್ತಿರಲಿಲ್ಲ. ಅದು ಏಕಿತ್ತೆಂದು ನಾನು ಯಾರನ್ನೂ ಕೇಳಿರಲಿಲ್ಲ.

ಆದರೂ ಬರ್ಕನೊಡನೆ ಕೊನೆಯವರೆಗೆ ನಡೆಯಲಾರೆ. ಸಮಾಜವೆಂಬುದು ಗತಿಸಿದವರು, ಬದುಕಿರುವವರು, ಹುಟ್ಟಲಿರುವವರ ಪಾಲುದಾರಿಕೆ ಎಂದನಲ್ಲ, ಆ ಪಾಲುದಾರಿಕೆಗೆ ಸೇರಿಸಿಕೊಳ್ಳದೆ ಹೊರಗಿಟ್ಟವರ ಗತಿಯೇನು? ನಾವು ಸೇರಿರುವ ಈ ಮುಂಬಯಿಗೆ ಮಹಾಡ್ ತೀರ ದೂರವಲ್ಲ. ಸಾರ್ವಜನಿಕ ಕೆರೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಇಲ್ಲಿಯ ಶಾಸನಸಭೆ 1923ರಲ್ಲೇ ನಿರ್ಣಯಿಸಿತ್ತು. ರೂಢಿ ಜಗ್ಗಲಿಲ್ಲ. 1927ರಲ್ಲಿ ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ಹೋಗಿ ಚವದಾರ್ ಕೆರೆಯ ನೀರು ಕುಡಿಯಬೇಕಾಯಿತು. ಕುಡಿದವರ ಮೇಲೆ ಹಲ್ಲೆಯೂ ಆಯಿತು. ಅಲ್ಲಿ ಪೂರ್ವಗ್ರಹದೊಳಗೆ ಯಾವ ವಿವೇಕವಿತ್ತು? ಇನ್ನಷ್ಟು ಕಾಯಿರೆಂದು ಅವರಿಗೆ ಬರ್ಕನ ಹೆಸರಿನಲ್ಲಿ ಹೇಳುವ ಧೈರ್ಯ ನನಗಿಲ್ಲ. 1950ರ ಸಂವಿಧಾನದ 17ನೆಯ ವಿಧಿಯೂ ಕಾಯಲಿಲ್ಲ.

ಪ್ರಶ್ನೆಗಳಿಗೆ ಸಮಯ ಬಿಡಬೇಕೆಂದು ಕಾರ್ಯದರ್ಶಿಗಳ ಸೂಚನೆಯಿದೆ.