ಹಕ್ಕಿಗಳಿಗೊಂದು ಕಾಂಕ್ರೀಟ್ ಬಾನಿ

(ಹೈದರಾಬಾದಿನ ಕನ್ನಡ ಕಾರ್ಮಿಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಹಕ್ಕಿಗೆ ನೀರಿಡುವ ವಿಚಾರ ಕಾರ್ಮಿಕರ ಸಭೆಯಲ್ಲೇಕೆ ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ನಮ್ಮ ಊರುಗಳಲ್ಲಿ ಬೇಸಿಗೆ ಬಂದರೆ ದಾರಿಹೋಕರಿಗೆ ಅರವಟ್ಟಿಗೆ, ದನಕರುಗಳಿಗೆ ಬಾವಿಯ ಬಳಿ ಕಲ್ಲಿನ ದೋಣಿ ಇರುತ್ತಿದ್ದವು. ಹೊಟ್ಟೆಪಾಡಿಗೆ ಊರು ಬಿಟ್ಟ ನಾವು ಆ ಪದ್ಧತಿಯನ್ನೂ ಬಿಟ್ಟು ಬರಬೇಕಾಗಿಲ್ಲ. ಈ ನಗರದಲ್ಲಿ ಮೇ ತಿಂಗಳ ಬಿಸಿಲು ೪೦ ಡಿಗ್ರಿ ದಾಟುತ್ತದೆ. ಆ ಹೊತ್ತಿನಲ್ಲಿ ಗುಬ್ಬಿ, ಗೊರವಂಕಗಳಿಗೆ ಒಂದು ಬೊಗಸೆ ನೀರು ದೊಡ್ಡ ಉಪಕಾರವೇ ಸರಿ.

ಆದರೆ ಉಪಕಾರ ಮಾಡಹೋಗಿ ಅಪಕಾರವಾಗಬಾರದು. ಮೂರು ಬೇಸಿಗೆಗಳ ಹಿಂದೆ ನಾವು ನಾಲ್ಕೈದು ಮಂದಿ ಸೇರಿ, ನಾವಿರುವ ವಠಾರದ ಅಂಗಳದಲ್ಲಿ ಒಂದು ಬಾನಿಯನ್ನು ಎರಕ ಹೊಯ್ದೆವು. ಉತ್ಸಾಹ ಬಹಳ, ತಿಳುವಳಿಕೆ ಕಡಿಮೆ. ಹೋಟೆಲಿನಲ್ಲಿ ದೋಸೆ ಹುಯ್ಯುವ ನಮ್ಮ ಗೆಳೆಯನೊಬ್ಬ ಹಸಿ ಸಿಮೆಂಟನ್ನು ಬರಿಗೈಯಿಂದಲೇ ಕಲಸಿ ಬಳಿದ. ಆಗ ಏನೂ ಅನಿಸಲಿಲ್ಲ. ರಾತ್ರಿ ಉರಿ ಎದ್ದಿತು. ಬೆಳಗಾಗುವಷ್ಟರಲ್ಲಿ ಬೆರಳ ಸಂದುಗಳ ಚರ್ಮ ಸುಲಿದಿತ್ತು. ಹನ್ನೆರಡು ದಿನ ಕೆಲಸವಿಲ್ಲ, ಪಗಾರವಿಲ್ಲ. ಬಾನಿಯಾದರೂ ಉಳಿಯಿತೇ? ಎರಡನೆಯ ದಿನವೇ ಬಿಸಿಲಿಗೆ ಬಿರುಕು ಬಿಟ್ಟಿತು. ಆ ತಪ್ಪು ನಮ್ಮದೇ. ಅದರಿಂದ ಕಲಿತುದನ್ನು ತಮ್ಮ ಮುಂದಿಡುತ್ತೇವೆ.

ಮೊದಲನೆಯದು ಕೈ. ಹಸಿ ಸಿಮೆಂಟು ಸುಣ್ಣದಂತೆ ಸುಡುವ ವಸ್ತು. ಅದು ಮೊದಲು ನೋಯಿಸದೆ ಆಮೇಲೆ ಸುಡುತ್ತದೆ. ಆದುದರಿಂದ ರಬ್ಬರಿನ ಕೈಚೀಲ ಹಾಕದೆ ಮುಟ್ಟಬಾರದು. ಮೈಗೆ ತಗಲಿದರೆ ಒದ್ದೆ ಬಟ್ಟೆ ಕಳಚಿ, ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು. ಕಣ್ಣಿಗೆ ಬಿದ್ದರೆ ೨೦ ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಎರಡನೆಯದು ಉಸಿರು. ಹತ್ತಿಯ ಧೂಳು ಪುಪ್ಪುಸವನ್ನು ಏನು ಮಾಡುತ್ತದೆಂಬುದನ್ನು ಗಿರಣಿಯ ಬಂಧುಗಳಿಗೆ ನಾವು ಹೇಳಬೇಕಾಗಿಲ್ಲ. ಗಟ್ಟಿಯಾದ ಕಾಂಕ್ರೀಟನ್ನು ಉಜ್ಜಿದಾಗ ಏಳುವ ಕಲ್ಲಿನ ಧೂಳೂ ಅಂಥದೇ. ಅಂಚು ಉಜ್ಜುವುದಿದ್ದರೆ ನೀರು ಚಿಮುಕಿಸಿಯೇ ಉಜ್ಜಬೇಕು, ಮುಖಕ್ಕೆ ಒಳ್ಳೆಯ ಮಾಸ್ಕು ಇರಬೇಕು.

ಇನ್ನು ಬಾನಿಯ ವಿಚಾರ. ಒಂದು ಪಾಲು ಸಿಮೆಂಟು, ಮೂರು ಪಾಲು ಸೋಸಿದ ಮರಳಿನ ಗಾರೆಯಿಂದ ಒಳಮೈ ಮುಗಿಸಬಹುದು. ಅಂಚಿನಲ್ಲಿ ನೀರು ಅರ್ಧ ಅಂಗುಲ, ನಡುವೆ ಎರಡು ಅಂಗುಲ ಮೀರದಂತೆ ಇಳಿಜಾರು ಇರಲಿ. ಕನ್ನಡಿಯಂತೆ ನುಣುಪು ಮಾಡಬೇಡಿ, ಹಕ್ಕಿಯ ಕಾಲು ಜಾರುತ್ತದೆ. ಮರದ ಹಲಗೆಯಿಂದ ಉಜ್ಜಿದ ಒರಟೇ ಸಾಕು. ಮುಗಿದ ಮೇಲೆ ನೆರಳಿನಲ್ಲಿಟ್ಟು, ಒದ್ದೆ ಗೋಣಿತಟ್ಟು ಹೊದಿಸಿ, ಕಡಿಮೆಯೆಂದರೆ ೭ ದಿನ, ಬೇಸಿಗೆಯಲ್ಲಾದರೆ ೧೪ ದಿನ, ಒಣಗಗೊಡದೆ ಕಾಪಾಡಬೇಕು. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರು ಕುಡಿಯುವುದರಿಂದ. ೨೮ ದಿನ ಕಳೆಯುವವರೆಗೆ ಹಕ್ಕಿಗೆ ಬಿಡಬೇಡಿ. ಹೊಸ ಕಾಂಕ್ರೀಟು ನೀರಿಗೆ ಸುಣ್ಣ ಬಿಡುತ್ತದೆ. ನೀರು ತುಂಬಿಟ್ಟು ಚೆಲ್ಲುವುದನ್ನು ಹಲವು ದಿನ ಮಾಡಿದರೆ ಅದು ಕಳೆಯುತ್ತದೆ. ಒಳಗೆ ಬಣ್ಣ ಬೇಡ. ಹಳೆಯ ಡಬ್ಬಿಯ ಬಣ್ಣದಲ್ಲಿ ಸೀಸವಿದ್ದೀತು. ಒಂದೂವರೆ ಅಡಿ ಅಗಲದ ಬಾನಿ ಸುಮಾರು ೨೦ ಕಿಲೋ ತೂಗುತ್ತದೆ. ಇಬ್ಬರು ಸೇರಿ ಎತ್ತಿ. ಮಹಡಿಯ ಕೈಪಿಡಿ ಗೋಡೆಯ ಮೇಲೆ ಎಂದಿಗೂ ಇಡಬೇಡಿ, ಕೆಳಗೆ ಮಕ್ಕಳಾಡುತ್ತಾರೆ.

ಕಟ್ಟಿದವರಿಗಿಂತ ಕಾಪಾಡುವವರ ಕೆಲಸ ದೊಡ್ಡದು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟನ್ನು ರೊನಾಲ್ಡ್ ರಾಸ್ ಎಂಬ ವೈದ್ಯರು ಕಂಡುಹಿಡಿದದ್ದು ಎಲ್ಲೋ ದೂರದಲ್ಲಲ್ಲ. ೧೮೯೭ರ ಆಗಸ್ಟ್ ೨೦ರಂದು, ನಮ್ಮ ಬೇಗಂಪೇಟೆಯಲ್ಲಿಯೇ. ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಒಂದು ವಾರ ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಡೆಂಗೀ ಹರಡುವ ಸೊಳ್ಳೆಯ ಮೊಟ್ಟೆಗಳಂತೂ ಪಾತ್ರೆಯ ಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಆದುದರಿಂದ ದಿನವೂ ನೀರು ಬದಲಿಸಿದರೆ ಸಾಲದು, ಎರಡು ಮೂರು ದಿನಕ್ಕೊಮ್ಮೆ ಗಟ್ಟಿ ಬ್ರಷ್ಷಿನಿಂದ ಗೋಡೆಯನ್ನು ತಿಕ್ಕಬೇಕು. ಸೋಪು ಬೇಡ. ಒಣಗಿದ ಹಿಕ್ಕೆಯನ್ನು ನೀರಿನಲ್ಲಿ ನೆನೆಸಿ ತೆಗೆಯಬೇಕು, ಕೆರೆದು ಧೂಳೆಬ್ಬಿಸಬಾರದು. ಆಮೇಲೆ ಕೈ ತೊಳೆದೇ ಅಡಿಗೆಮನೆಗೆ ಹೋಗತಕ್ಕದ್ದು.

ಹೋಟೆಲಿನ ಬಂಧುಗಳಿಗೆ ವಿಶೇಷವಾಗಿ ಒಂದು ಮಾತು. ನೆಲ ತೊಳೆಯುವ ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಬೆರೆಸಬೇಡಿ. ಅದರಿಂದ ಏಳುವ ಕ್ಲೋರಿನ್ ವಿಷಗಾಳಿ ಉಸಿರನ್ನೇ ಕಟ್ಟಿಸೀತು. ಈ ಮಾತು ಬಾನಿಗೂ ಸಲ್ಲುತ್ತದೆ, ಹೋಟೆಲಿನ ಮೋರಿಗೂ ಸಲ್ಲುತ್ತದೆ.

ಬಂಧುಗಳೇ, ಕೈಯೇ ನಮ್ಮ ಬಂಡವಾಳ. ಅದನ್ನು ಉಳಿಸಿಕೊಂಡೇ ಧರ್ಮ ಮಾಡಬೇಕು. ನಮ್ಮ ಎರಡನೆಯ ಬಾನಿ ಇಂದಿಗೂ ಬೇವಿನ ಮರದ ಕೆಳಗಿದೆ. ದಿನಕ್ಕೊಬ್ಬರಂತೆ ಸರದಿಯ ಮೇಲೆ ನೀರು ಹಾಕುತ್ತೇವೆ. ಮಂಗಳವಾರದ ಸರದಿ ಆ ದೋಸೆಯ ಗೆಳೆಯನದು. ಬೆಳಗಿನ ಪಾಳಿಗೆ ಹೋಗುವ ಮುನ್ನ ಅವನು ಮೊದಲು ಹಾಕಿಕೊಳ್ಳುವುದು ಕೈಚೀಲ, ಆಮೇಲೆ ಹಿಡಿಯುವುದು ಬ್ರಷ್ಷು. ತಾವೂ ಹಾಗೆಯೇ ಮಾಡಬೇಕೆಂದು ಪ್ರಾರ್ಥಿಸಿ ನಮ್ಮ ಮಾತು ಮುಗಿಸುತ್ತೇವೆ.