ಮಣ್ಣಿನ ಎತ್ತು, ಮಿಡಿಯ ಹಸು



ಮೂಡಿಗೆರೆ, ಕಳಸದ ಕಡೆ ಮಳೆ ಹಿಡಿದರೆ ಬಿಡೋದಿಲ್ಲ. ಮಕ್ಕಳು ಲೈನ್ ಮನೆಯ ಒಳಗೇ ಕೂತು ಹಟ ಮಾಡುತ್ತವೆ. ಪೇಟೆಯ ಆಟಿಕೆಗೆ ಕಾಸಿಲ್ಲ ಅಂತ ಕೊರಗಬೇಡಿ. ಒಂದು ಮುದ್ದೆ ಮಣ್ಣು ಸಾಕು.

ಉತ್ತರ ಕರ್ನಾಟಕದಿಂದ ತೋಟದ ಕೆಲಸಕ್ಕೆ ಬಂದವರಿಗೆ ಇದು ಹೊಸದಲ್ಲ. ಕಾರ ಹುಣ್ಣಿಮೆ ಕಳೆದು ಬರುವ ಅಮಾವಾಸ್ಯೆಗೆ ಆ ಕಡೆ ಮನೆಮನೆಯಲ್ಲೂ ಮಣ್ಣೆತ್ತಿನ ಪೂಜೆ. ಆ ಎತ್ತನ್ನೇ ಇಲ್ಲಿ ಮಕ್ಕಳ ಕೈಯಲ್ಲಿ ಮಾಡಿಸೋಣ.

ಗದ್ದೆಯ ಜೇಡಿ ಮಣ್ಣು ತನ್ನಿ. ಕಲ್ಲು, ಬೇರು ಆರಿಸಿ. ನೀರು ಚಿಮುಕಿಸಿ ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ. ಮೈ, ತಲೆ, ಕಾಲು ಎಲ್ಲ ಒಂದೇ ಮುದ್ದೆಯಿಂದ ಎಳೆದು ಮಾಡಬೇಕು. ಬೇರೆ ಬೇರೆ ಮಾಡಿ ಅಂಟಿಸಿದರೆ ಒಣಗಿದಾಗ ಕಳಚಿ ಬೀಳುತ್ತವೆ. ಕಾಲು ದಪ್ಪ ಇರಲಿ. ನೆರಳಲ್ಲಿ ಒಣಗಿಸಿ. ಒಲೆಯ ಪಕ್ಕ ಇಟ್ಟರೆ ಬಿರುಕು ಬಿಡುತ್ತದೆ.

ಕೊಂಬು ಮಾಡುವಾಗ ಮಗುವಿನ ಜೊತೆ ಮಾತಾಡಿ. ನಮ್ಮ ಮಲೆನಾಡು ಗಿಡ್ಡ ಚಿಕ್ಕ ದನ, ಕೊಂಬೂ ಚಿಕ್ಕದು. ನಮ್ಮ ಜಿಲ್ಲೆಯದೇ ಅಜ್ಜಂಪುರದಲ್ಲಿ ಸಾಕುವ ಅಮೃತ ಮಹಲ್ ದನಕ್ಕೆ ಉದ್ದ, ಚೂಪು ಕೊಂಬು. "ನಿನ್ನದು ಯಾವುದೋ ಮರಿ?" ಅಂತ ಕೇಳಿ. ಮಗು ಮಾಡಿದ್ದು ಎತ್ತಿನ ಬದಲು ಹಂದಿಯ ಹಾಗೆ ಕಂಡರೂ ನಗಬೇಡಿ. ಕಿತ್ತುಕೊಂಡು ತಿದ್ದಲೂ ಬೇಡಿ. ಅದು ಮಗುವಿನ ಎತ್ತು.

ಬೇಸಿಗೆಯಲ್ಲಿ ಮಣ್ಣೂ ಬೇಡ. ಮರದ ಕೆಳಗೆ ಹಲಸಿನ ಮಿಡಿ ಬಿದ್ದಿರುತ್ತವೆ. ಅದೇ ಹಸುವಿನ ಮೈ. ನಾಲ್ಕು ಕಡ್ಡಿ ಚುಚ್ಚಿದರೆ ಕಾಲು, ಬಾಳೆ ನಾರು ಬಾಲ. ಚುಚ್ಚುವ ಕೆಲಸ ದೊಡ್ಡವರದು. ಸೊನೆ ಅಂಟದ ಹಾಗೆ ಕೈಗೆ ಎಣ್ಣೆ ಸವರಿಕೊಳ್ಳಿ.

ಈಗ ಹೇಳುವುದನ್ನು ಗಮನ ಇಟ್ಟು ಕೇಳಿ. ಕಣ್ಣಿಗೆ ಗುಲಗಂಜಿ ಇಡಬೇಡಿ. ಕೆಂಪು ಮೈ, ಕಪ್ಪು ಚುಕ್ಕೆ, ನೋಡಲು ಚೆಂದ. ಆದರೆ ಅದು ವಿಷ. ಅಗಿದು ನುಂಗಿದರೆ ಜೀವಕ್ಕೇ ಅಪಾಯ. ತೂತು ಮಾಡಿದ ಕಾಳು ಇನ್ನೂ ಕೆಟ್ಟದ್ದು. ಮಗು ಬಾಯಿಗೆ ಹಾಕಿದ್ದು ಗೊತ್ತಾದರೆ, ಚೆನ್ನಾಗಿಯೇ ಇದೆಯಲ್ಲ ಅಂತ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮೆಣಸಿನ ಕಾಳು, ಕಾಫಿ ಬೀಜವೂ ಬೇಡ. ಚಿಕ್ಕ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಇದ್ದಲಿನಿಂದ ಎರಡು ಚುಕ್ಕೆ ಇಟ್ಟರೆ ಅದೇ ಕಣ್ಣು. ಔಷಧಿ ಹೊಡೆದ ತೋಟದ ಎಲೆ, ಕಡ್ಡಿ ತರಬೇಡಿ. ಆಟ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಸಿ.

ಇದರಿಂದ ಏನು ಬಂತು ಅಂತ ಕೇಳುವವರು ಇರುತ್ತಾರೆ. ಮಣ್ಣು ಹಿಸುಕಿ ಹಿಸುಕಿ ಬೆರಳು ಗಟ್ಟಿಯಾಗುತ್ತದೆ. ನಾಳೆ ಬಳಪ ಹಿಡಿಯೋದು ಅದೇ ಬೆರಳಲ್ಲವೇ?

ಇನ್ನೊಂದು ಕೆಲಸ ನಿಮ್ಮದು. ಸ್ವಲ್ಪ ಮಣ್ಣು ತಟ್ಟಿ ಹಲಗೆ ಮಾಡಿ. ಹಸಿ ಇರುವಾಗಲೇ ಕಡ್ಡಿಯಿಂದ ಹೆಸರು ಬರೆಯಿರಿ. ಮಗುವಿಗೆ ಬೆರಳಿಟ್ಟು ಓದಿ ಹೇಳಿ. 'ಎತ್ತು' ಬರೆಯಲು ತ ಒತ್ತು ಬೇಕು. ಅದು ಮುಂದಿನ ಪಾಠದಲ್ಲಿ ಬರುತ್ತದೆ. ಈ ವಾರ 'ದನ' ಅಂತ ಬರೆಯಿರಿ. ಎರಡೇ ಅಕ್ಷರ, ನಿಮಗೆ ಬರುತ್ತದೆ.