ಕಣ್ಣೋಟವೇ ಕೈಯಾದರೆ



ಪಾರ್ಶ್ವವಾಯು ಬಡಿದು ಕೈಯೂ ಮಾತೂ ನಿಂತುಹೋದವರು ನಮ್ಮ ಲೈನು ಮನೆಗಳಲ್ಲಿಯೂ ಇದ್ದಾರೆ. ಅವರಿಗೇನು ಬೇಕೆಂದು ನಾವೇ ತೀರ್ಮಾನಿಸಿಬಿಡುತ್ತೇವೆ, ಅಲ್ಲವೇ?

2024ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿ ತನ್ನ ಐಪ್ಯಾಡಿನಲ್ಲಿ ಒಂದು ಸೌಲಭ್ಯ ತಂದಿತು. ಸ್ಲೇಟಿನಂಥ ಆ ಯಂತ್ರವನ್ನು ಮುಖದಿಂದ ಒಂದೂವರೆ ಅಡಿ ದೂರದಲ್ಲಿ ಅಲುಗದಂತೆ ನಿಲ್ಲಿಸಬೇಕು. ಮೊದಲು ಪರದೆಯಲ್ಲಿ ಮೂಡುವ ಚುಕ್ಕಿಗಳನ್ನು ಕಣ್ಣು ಹಿಂಬಾಲಿಸಬೇಕು; ಮುಂದಿನ ಕ್ಯಾಮೆರಾ ನೋಟದ ದಿಕ್ಕನ್ನು ಗುರುತಿಸಿಕೊಳ್ಳುತ್ತದೆ. ಆಮೇಲೆ ಬೇಕಾದ ಅಕ್ಷರವನ್ನು ತುಸು ಹೊತ್ತು ದಿಟ್ಟಿಸಿದರೆ ಸಾಕು, ಬೆರಳಿನಿಂದ ಒತ್ತಿದಂತೆಯೇ. ಹಳೆಯ ಐಪ್ಯಾಡುಗಳಿಗೆ ಇದು ಬಾರದು.

ಬೆಲೆ ನಮ್ಮ ಕೂಲಿಗೆ ಎಟುಕದು. ಸಂಘದಿಂದ ಒಂದನ್ನು ಕೊಂಡು ಮನೆಯಿಂದ ಮನೆಗೆ ಒಯ್ಯಬಹುದೇ, ಯೋಚಿಸೋಣ. ಅಲ್ಲಿಯವರೆಗೆ ರಟ್ಟಿನ ಮೇಲೆ ‘ನೀರು’, ‘ನೋವು’, ‘ಬೇಡ’ ಎಂದು ದೂರದೂರ ಬರೆದು ಹಿಡಿಯಿರಿ. ಅವರ ಕಣ್ಣು ಎಲ್ಲಿ ನಿಲ್ಲುತ್ತದೆಂದು ತಾಳ್ಮೆಯಿಂದ ನೋಡಿರಿ.